ಹಿಡಿಕೆ

ಹಿಡಿಕೆಯಿಂದ ಕೈ ಎತ್ತಿದರೆ ಗಾಡಿ ತಾನೇ ನಿಲ್ಲುತ್ತದೆ.
ಮೋಟರ್‌ಮನ್ ಸತ್ತರೂ ಜನ ಸಾಯಬಾರದೆಂದು
ಹಾಗೆ ಮಾಡಿಟ್ಟಿದ್ದಾರೆ.
ಹತ್ತೊಂಬತ್ತು ವರ್ಷ ಒತ್ತಿ ಹಿಡಿದಿದ್ದೇನೆ,
ಕಲ್ಯಾಣದಿಂದ ಸಿಎಸ್‌ಟಿ, ಸಿಎಸ್‌ಟಿಯಿಂದ ಕಲ್ಯಾಣ.
ಈಗ ನಿದ್ದೆಯಲ್ಲೂ ಅಂಗೈ ಹಾಸಿಗೆಯನ್ನು ಒತ್ತಿಕೊಂಡೇ ಇರುತ್ತದೆ.
ಬೆಳಗ್ಗೆ ಬೆರಳು ಬಿಡಿಸಲು
ಬೋರಮ್ಮ ಎಳ್ಳೆಣ್ಣೆ ಬಿಸಿ ಮಾಡಿ ತರುತ್ತಾಳೆ.

ಏನಾಯಿತೆಂದು ಉದ್ದ ಹೇಳುವುದಿಲ್ಲ.
ವಿದ್ಯಾವಿಹಾರ ಬಿಟ್ಟ ಮೇಲೆ, ಜುಲೈ, ಸಂಜೆ ಆರೂ ನಲವತ್ತು.
ಹಳಿ ದಾಟುತ್ತಿದ್ದವನ ಕೈಯಲ್ಲಿ ಸ್ಟೀಲಿನ ಊಟದ ಡಬ್ಬಿ.
ಹಾರ್ನ್ ಹೊಡೆದೆ. ಬ್ರೇಕ್ ಹಾಕಿದೆ.
ಅವನು ಆಚೆ ಹಳಿಯ ಗಾಡಿಯನ್ನು ನೋಡುತ್ತಿದ್ದ.
ಹನ್ನೆರಡು ಡಬ್ಬಿಯ ಗಾಡಿ
ಒಂದು ಡಬ್ಬಿಗೆ ನಿಲ್ಲಲಿಲ್ಲ.

ಆಮೇಲೆ, ಎಷ್ಟೋ ಹೊತ್ತಿನ ಮೇಲೆ,
ಗಾರ್ಡ್ ಶೇಲಾರ್ ಹಿಂದಿನಿಂದ ಎರಡು ಗಂಟೆ ಕೊಟ್ಟ.
ಎರಡು ಗಂಟೆ ಎಂದರೆ ಹೊರಡು.
ಹೊರಟೆ.
ಘಾಟ್ಕೋಪರ್, ಮುಲುಂಡ್, ಠಾಣೆ, ದಿವಾ,
ಒಂದೊಂದು ಸ್ಟೇಷನ್ನಿನಲ್ಲೂ ಜನರನ್ನು ಅವರವರ ಮನೆಗೆ ಇಳಿಸುತ್ತ ಹೋದೆ.
ತಡವಾಯಿತೆಂದು ಒಬ್ಬ ನನ್ನ ಗಾಜಿಗೆ ಬಡಿದು ಬೈದ.
ಅವನದೂ ತಪ್ಪಿಲ್ಲ. ಮಳೆ ಇತ್ತು.

ಕುಕ್ಕರ್ ಕೂಗಿದರೆ ಈಗ ಕೈ ಬ್ರೇಕ್ ಹುಡುಕುತ್ತದೆ.
ಪಾತ್ರೆ ಅಂಗಡಿ ಬಂದರೆ ಬೀದಿಯ ಆಚೆ ಬದಿಗೆ ಹೋಗುತ್ತೇನೆ.
ಮಗಳು ರಸ್ತೆ ದಾಟಿ ಟ್ಯೂಷನ್ನಿಗೆ ಹೋದ ಒಂದೂವರೆ ತಾಸು
ಬಾಗಿಲಿನ ಹಿಡಿಕೆ ಹಿಡಿದು ನಿಂತಿರುತ್ತೇನೆ,
ಬಿಟ್ಟರೆ ಎಲ್ಲೋ ಏನೋ ನಿಂತುಹೋಗುತ್ತದೆ ಎಂಬಂತೆ.

ಭಾಯಖಳಾದ ರೈಲ್ವೆ ಆಸ್ಪತ್ರೆಯಲ್ಲಿ ಡಾಕ್ಟರು ಚಿಕ್ಕ ಹುಡುಗಿ.
ಭಯ ಬಂದಾಗ ಕಣ್ಣೆದುರು ಇರುವುದನ್ನು
ಗಟ್ಟಿಯಾಗಿ ಹೆಸರಿಟ್ಟು ಹೇಳಿ, ಎಂದಳು ಮರಾಠಿಯಲ್ಲಿ.
ನಗು ಬಂತು.
ತಾಯಿ, ನನ್ನ ನೌಕರಿಯೇ ಅದಲ್ಲವೆ?
ಪ್ರತಿ ಸಿಗ್ನಲ್ಲಿಗೂ ಕೈ ಚಾಚಿ ಬಣ್ಣ ಕೂಗಬೇಕು,
ಒಬ್ಬನೇ ಇದ್ದರೂ, ಕ್ಯಾಬಿನ್ನಿನ ತಗಡಿಗೆ ಕೇಳುವಂತೆ.
ಅವಳು ಪೆನ್ನು ಕೆಳಗಿಟ್ಟಳು.
ಹಾಗಾದರೆ ಮನೆಯಲ್ಲೂ ಕೂಗಿ.

ರಾತ್ರಿ ಮೂರಕ್ಕೆ,
ಎದೆ ಹಳಿ ಬದಲಿಸುವ ಗಾಲಿಯಂತೆ ಕಟಕಟಿಸುವಾಗ,
ಕ್ವಾರ್ಟರ್ಸಿನ ಕತ್ತಲಿಗೆ ಕೈ ಚಾಚುತ್ತೇನೆ.
ದೇವರ ಬಲ್ಬು, ಕೆಂಪು.
ಕಿಟಕಿಯಾಚೆ ಯಾರ್ಡಿನ ದೀಪ, ಬಿಳಿ.
ಹಗ್ಗದ ಮೇಲೆ ಮಗಳ ದುಪಟ್ಟಾ,
ದುಪಟ್ಟಾ,
ಬಣ್ಣ ಕಾಣುತ್ತಿಲ್ಲ.

'ಹಸರ ಅದ,' ಪಕ್ಕದಿಂದ ಬೋರಮ್ಮ, ಕಣ್ಣು ತೆರೆಯದೆ.
'ನಾನಽ ತಂದದ್ದು, ನನಗ ಗೊತ್ತಿಲ್ಲೇನು?'

ಹತ್ತೊಂಬತ್ತು ವರ್ಷದಲ್ಲಿ
ನನ್ನ ಕೂಗಿಗೆ ಉತ್ತರ ಬಂದದ್ದು ಅದೇ ಮೊದಲು.

ಎಷ್ಟೋ ರಾತ್ರಿ ಇದೂ ನಡೆಯುವುದಿಲ್ಲ.
ಕೂಗಿದ ಬಣ್ಣವೆಲ್ಲ ಒಂದೇ ಬಣ್ಣಕ್ಕೆ ತಿರುಗುತ್ತದೆ.
ಆಗ ಅವಳು ನನ್ನ ಅಂಗೈ ಕೆಳಗೆ ತನ್ನ ಅಂಗೈ ತೂರಿಸಿ,
'ನಾ ಹಿಡದೀನಿ, ನೀವು ಬಿಡ್ರಿ' ಎನ್ನುತ್ತಾಳೆ.
ಕಿರುಬೆರಳು ಎತ್ತಿ ನೋಡುತ್ತೇನೆ. ಫ್ಯಾನು ತಿರುಗುತ್ತಿದೆ.
ಇನ್ನೊಂದು ಬೆರಳು. ಮಗಳು ಆಚೆ ಖೋಲಿಯಲ್ಲಿ ಮಗ್ಗುಲು ಬದಲಿಸಿದಳು.
ಮೊದಲ ಲೋಕಲ್ ಹೊರಟಿತು,
ಬೇರೆ ಯಾರೋ ಒತ್ತಿ ಹಿಡಿದಿದ್ದಾರೆ.

ಸೋಮವಾರದಿಂದ ಡ್ಯೂಟಿ.
ವಿದ್ಯಾವಿಹಾರ ಇನ್ನೂ ಅಲ್ಲೇ ಇದೆ.
ಬೋರಮ್ಮ ಏನೂ ಕೇಳದೆ
ಜೋಳದ ರೊಟ್ಟಿ, ಶೇಂಗಾ ಹಿಂಡಿ
ಬಟ್ಟೆಯಲ್ಲಿ ಕಟ್ಟಿಡುತ್ತಾಳೆ.
ನನ್ನ ಸ್ಟೀಲಿನ ಡಬ್ಬಿ
ಅಟ್ಟದ ಮೇಲೆ ಎಲ್ಲೋ, ಹಿಂದೆ, ಬೋರಲು.