ಸೊಸ್ಪೇಚೊ

ವೀಗೊದಿಂದ ಬಂದ ಪತ್ರ ಪೂರ್ತಿ ಇಂಗ್ಲಿಷು,
ಕೊನೆಯ ಸಾಲು ಮಾತ್ರ ಅವರ ಮಾತಿನಲ್ಲಿ.
ಸಿಟ್ಟು ಬಂದರೆ ಯಾರೂ ಮನೆಮಾತಿಗೇ ಇಳಿಯುತ್ತಾರಲ್ಲ.
ಮೊದಲ ಪದ: ಸೊಸ್ಪೇಚೊ.

ಬಂದರಿನ ಆಫೀಸಿನಲ್ಲಿ ಸ್ಪ್ಯಾನಿಷು ಕಲಿಯುವವಳು ನಾನೊಬ್ಬಳು,
ಅದೂ ಆರು ವಾರದಿಂದ, ಶನಿವಾರ ಮಾತ್ರ.
ಪುಸ್ತಕ ಬಿಡಿಸಿ ನೋಡಿ ಹೇಳಿದೆ:
"ಸ್ವಲ್ಪ ಡೌಟು ಅಂತೆ ಧನಿ, ತೂಕದ ಬಗ್ಗೆ."
"ಡೌಟು ತಾನೆ," ಅಂದರು. ಚಾ ತರಿಸಿದರು.

ಜೆಪ್ಪುವಿನ ಗ್ರೆಟ್ಟಾ ಬಾಯಿ,
ಮೂವತ್ತು ವರ್ಷ ಅಲ್ಲಿಯ ಆಸ್ಪತ್ರೆಯಲ್ಲಿ
ಮುದುಕರ ಬೆನ್ನು ಒರೆಸಿ ಬಂದವರು,
"ಸೊಸೆಯ ಪೇಚು ಅಂತ ನೆನಪಿಟ್ಟುಕೋ" ಅಂದರು.
ನಕ್ಕೆವು.
ಆಮೇಲೆ ಕನ್ನಡಕ ತೆಗೆದು,
"ಡೌಟಿಗೆ ಬೇರೆ ಪದ ಉಂಟು, ದೂದೊ.
ಅದರ ಹಿಂದೆ ಬರುವ ಕ್ರಿಯಾಪದ
ಬೆನ್ನು ಬಗ್ಗಿಸಿಕೊಂಡೇ ಬರಬೇಕು.
ಸೊಸ್ಪೇಚೊ ಅಂದವನದು ಬಗ್ಗುವುದಿಲ್ಲ, ನೋಡು,
ಕಂಬದ ಹಾಗೆ ನಿಂತಿದೆ.
ಅವನು ಕೇಳುತ್ತಿಲ್ಲ ಮಗಳೇ.
ಅವನಿಗೆ ಗೊತ್ತುಂಟು. ಹೇಳಲಿಕ್ಕೆ ನಾಚಿಕೆ, ಅಷ್ಟೆ."

ಹೊರಡುವಾಗ ಕೇಳಿದರು:
"ಕನ್ನಡದಲ್ಲಿ ಉಂಟಾ ಹಾಗೆ ಬಗ್ಗುವುದು?"
ಇಲ್ಲ ಬಾಯಿ, ನಾವು ಕೊನೆಗೊಂದು 'ಏನೋ' ಸಿಕ್ಕಿಸುತ್ತೇವೆ,
ಹಳಸಿದ ಮೀನಿನ ಬುಟ್ಟಿಗೆ ಹಸಿ ಎಲೆ ಮುಚ್ಚಿದ ಹಾಗೆ.

ಸೋಮವಾರ ಎಲ್ಲರೂ ಹೋದ ಮೇಲೆ
ಎರಡು ಕಿಲೋ ಬೊಂಡಾಸಿನ ಪೆಟ್ಟಿಗೆಯೊಂದನ್ನು
ಬಕೆಟ್ಟಿಗೆ ಸುರಿದು ಕಾದೆ.
ಗಾಜಿನ ಹಾಗೆ ಹೊಳೆಯುತ್ತಿದ್ದದ್ದೆಲ್ಲ ನೀರಾಯಿತು.
ಬಸಿದು ತಕ್ಕಡಿಗಿಟ್ಟೆ:
ಒಂದು ಕಿಲೋ ಮುನ್ನೂರ ಐವತ್ತು.
ಇಳಿಸಿ ಮತ್ತೊಮ್ಮೆ ಇಟ್ಟೆ.
ತಕ್ಕಡಿಗೆ ಏನೋ ಗೀನೋ ಗೊತ್ತಿಲ್ಲ.

ಬೆಳಿಗ್ಗೆ ಧನಿಗಳ ಮೇಜಿನ ಮೇಲೆ ಚೀಟಿ ಇಟ್ಟೆ,
ಅಂಕಿ ಮಾತ್ರ ಬರೆದು.
ಓದಿದರು. ಮಡಿಸಿದರು. ಮತ್ತೆ ಮಡಿಸಿದರು.
ಆವತ್ತು ಚಾ ಬರಲಿಲ್ಲ.
"ಸ್ಪ್ಯಾನಿಷು ಕಲಿ ಅಂತ ನಿನಗೆ ಯಾರು ಹೇಳಿದ್ದು?"

ಸಂಜೆ ಬೆಂಗ್ರೆಗೆ ಹೋಗುವ ದೋಣಿ.
ಟಿಕೆಟಿನ ಹುಡುಗ ಹೊನ್ನಾವರದವನು, ತುಳು ಬಾರದು.
"ಅಕ್ಕ, ಪಾಸು ಇವತ್ತಿಗೆ ಮುಗೀತು.
ಹೊಸತು ಬರೀಲಾ? ನಾಳೆ ಬರ್ತೀರಲ್ಲ?"

"ಬಂದೇನು," ಅಂದೆ.

ಅವನು ಪೆನ್ನು ಎತ್ತಿ ಹಿಡಿದೇ ನಿಂತ,
ಬರೆಯುವುದೋ ಬೇಡವೋ ತಿಳಿಯದೆ.
ನಡು ನೀರಿನಲ್ಲಿ, ಇಂಜಿನ್ನಿನ ಸದ್ದಿನೊಳಗೆ,
ನನ್ನ ಬಾಯಿಂದ ಬಿದ್ದ ಪದವನ್ನು ಎತ್ತಿ ನೋಡಿದೆ:
ಬರುತ್ತೇನೆ ಅಲ್ಲ. ಬರುವುದಿಲ್ಲವೂ ಅಲ್ಲ.
ಬೆನ್ನು ಬಗ್ಗಿತ್ತು.

ಶನಿವಾರ ಗ್ರೆಟ್ಟಾ ಬಾಯಿಗೆ ಹೇಳಬೇಕು,
ನಮ್ಮಲ್ಲೂ ಉಂಟು.