ಭಾಗಾಕಾರ

ಶಿರೂರಿನಾಚೆ, ಘೋಡ ನದಿಯ ದಂಡೆಗೆ, ತಗಡಿನ ಶೆಡ್ಡು.
ಅದರ ಮೂಲೆಯಲ್ಲಿ ನನ್ನ ಮೇಜು, ಕೀರ್ದಿ ಪುಸ್ತಕ,
ತಿರುಗುವಾಗ ಕೆಮ್ಮುವ ಒಂದು ಫ್ಯಾನು.
ಸಿಂದಗಿಯ ನೀಲವ್ವ ಇಲ್ಲಿ ನೀಲಾತಾಯಿ.
ದಿನವಿಡೀ ಮರಾಠಿ; ಕೂಡಿ ಕಳೆಯುವಾಗ ಮಾತ್ರ
ನಾಲಿಗೆಯಡಿಯಲ್ಲಿ ಒಂದು, ಎರಡು, ಮೂರು.

ಮುಥಾ ಶೇಟ್ ಕೇಳಿದ್ದು ಇಷ್ಟೇ:
ಒಂದು ಮರಿ ಎಷ್ಟಕ್ಕೆ ಬಿತ್ತು?
ಮಂಗಳವಾರ ಬ್ಯಾಂಕಿನವರು ಬರುತ್ತಾರೆ.

ಬರೆಯತೊಡಗಿದೆ.
ಪರದೇಶದ ತಳಿಯ ನಾಲ್ಕು ಕುರಿ, ಕರಿ ತಲೆ, ಬಿಳಿ ಮೈ.
ದಿನಕ್ಕೆರಡರಂತೆ ನಾಲ್ಕು ದಿನ ಸೂಜಿ.
ಮದ್ದು ಪುಣೆಯಿಂದ ಬಂದದ್ದು ಬರ್ಫದ ಡಬ್ಬಿಯಲ್ಲಿ,
ಬರ್ಫಕ್ಕೆ ಬೇರೆ ಬಿಲ್ಲು.
ಡಾಕ್ಟರ್ ಪಾನಸೆ ಸೂಕ್ಷ್ಮದರ್ಶಕವನ್ನು
ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದರು;
ಕಾರಿನ ಬಾಡಿಗೆ, ಹೋಗಿ ಬರುವುದಕ್ಕೆ.

ಮೊದಲನೆಯದರ ಗರ್ಭ ತೊಳೆದರೆ ಒಂಬತ್ತು.
ಎರಡನೆಯದರದು ಆರು.
ಮೂರನೆಯದರ ನೀರಲ್ಲಿ ಏನೂ ಇರಲಿಲ್ಲ.
ಬಟ್ಟಲು ಆ ಕಡೆ ಸರಿಸಿ ಈ ಕಡೆ ಸರಿಸಿ ನೋಡಿದರು,
ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ.
ಸೊನ್ನೆಗೂ ಅದೇ ಫೀಜು.
ಕಡೆಯದರದು ನಾಲ್ಕು. ಒಟ್ಟು ಹತ್ತೊಂಬತ್ತು,
ಒಳ್ಳೆಯವು ಹದಿನಾಲ್ಕು.

ಹೊರಲಿಕ್ಕೆ ಇಪ್ಪತ್ತು ಕುರಿ, ಧುಳಾ ಕೊಕರೆಯ ಹಿಂಡಿನವು,
ಕರಿಯ ದಖ್ಖನಿ, ಬಾಡಿಗೆಗೆ.
ಇಪ್ಪತ್ತು ಮೈಗೂ ಒಂದೇ ತಿಥಿ ಬರಲೆಂದು
ಹನ್ನೆರಡು ದಿನ ಒಳಗೆ ಸ್ಪಂಜು,
ಆಮೇಲೆ ಒಂದು ಹಗಲು ಒಂದು ರಾತ್ರಿ ನೀರಿಲ್ಲ, ಮೇವಿಲ್ಲ.
ಹದಿನಾಲ್ಕಕ್ಕೆ ಭ್ರೂಣ ಸಿಕ್ಕಿತು.
ಉಳಿದ ಆರಕ್ಕೆ ಉಪವಾಸವಷ್ಟೇ.
ಅವನ್ನು 'ಇತರೆ'ಯಲ್ಲಿ ಹಾಕಿದೆ.

ಗರ್ಭ ನಿಂತದ್ದು ಎಂಟು. ಒಂದು ಕಂದು ಹಾಕಿತು.
ಹುಟ್ಟಿದ್ದು ಏಳು. ಮೂರನೆಯ ದಿನ ಒಂದು
ಬೆಳಗಿನ ಚಳಿಗೆ ಏಳಲಿಲ್ಲ.
ಹದಿನೇಳನೆಯ ನಂಬರಿನ ಆ ತಾಯಿಯ ಕೆಚ್ಚಲು ಕಲ್ಲಾಗಿತ್ತು.
ಧುಳಾ ಮಂಡಿಯೂರಿ ಕೂತು ಹಿಂಡಿ, ಅದೇ ಹಾಲಲ್ಲಿ ಚಹಾ ಕಾಯಿಸಿದ.
ನಾನೂ ಕುಡಿದೆ. ದಪ್ಪ, ಸ್ವಲ್ಪ ಉಪ್ಪುಪ್ಪು.
ಅದನ್ನು ಎಲ್ಲಿಯೂ ಬರೆದಿಲ್ಲ.

ಒಟ್ಟು ನಾಲ್ಕು ಲಕ್ಷ ಮೂವತ್ತೆಂಟು ಸಾವಿರ.
ಈಗ ಭಾಗಿಸಬೇಕು. ಯಾವುದರಿಂದ?
ಶೇಟ್ ಎಂದರು: ಹದಿನಾಲ್ಕರಿಂದ ಭಾಗಿಸು,
ಮೂವತ್ತೊಂದು ಸಾವಿರ ಚಿಲ್ಲರೆ, ಬ್ಯಾಂಕಿಗೆ ಚೆಂದ ಕಾಣುತ್ತದೆ.
ಡಾಕ್ಟರು ಫೋನಿನಲ್ಲಿ: ಎಂಟರಿಂದ,
ಗರ್ಭ ನಿಂತಿತೆಂದರೆ ನನ್ನ ಕೆಲಸ ಮುಗಿಯಿತು.
ನಾನು ಶೆಡ್ಡಿನ ಹಿಂದೆ ಹೋಗಿ ಎಣಿಸಿ ಬಂದೆ, ಕನ್ನಡದಲ್ಲಿ:
ಕರಿ ತಾಯಂದಿರ ಕಾಲ ಸಂದಿಯಲ್ಲಿ ಬಿಳಿ ಬಾಲ,
ಅಲ್ಲಾಡುವ ಬಾಲ, ಆರು.

ಆರರಿಂದ ಎಪ್ಪತ್ತಮೂರು ಸಾವಿರ.
ಶೇಷ ಸೊನ್ನೆ.
ಇಂಥ ಸುಖ ಗುಮಾಸ್ತೆಗೆ ವರ್ಷಕ್ಕೊಂದು ಸಲ.

ಕೆಂಪು ಗೆರೆ ಎಳೆಯುವಷ್ಟರಲ್ಲಿ ಬಾಗಿಲಲ್ಲಿ ಧುಳಾ.
ಹದಿನಾಲ್ಕು ಕುರಿಯ ಹೊಟ್ಟೆ ಬೋಳಿಸಿದಿರಲ್ಲ,
ಆ ಉಣ್ಣೆಯ ದುಡ್ಡು?
ಶೇಟ್ ನಕ್ಕರು. ದಖ್ಖನಿ ಉಣ್ಣೆ ಈಗ ಯಾರಿಗೆ ಬೇಕು ಮಾರಾಯ,
ಕತ್ತರಿಸಿದ ಕೂಲಿಯೂ ಹುಟ್ಟುವುದಿಲ್ಲ,
ನೀನೇ ಬೇಲಿಯ ಮೇಲೆ ಎಸೆಯುತ್ತೀಯ.
ಧುಳಾ ಪಟಕಾ ತೆಗೆದು ಮತ್ತೆ ಸುತ್ತಿಕೊಂಡ, ನಿಧಾನವಾಗಿ.
ಎಸೆಯುವವನು ನಾನು, ಎಂದ.
ನೀವು ಕೊಟ್ಟ ಬಾಡಿಗೆ ಒಳಗಿನದಕ್ಕೆ.
ಕೂದಲು ಹೊರಗಿನದು.

ಕುರಿಗೆ ಹತ್ತು ರೂಪಾಯಿಯಂತೆ ನೂರಾ ನಲವತ್ತು.
ಕೈಗಲ್ಲದಿಂದ ಕೊಟ್ಟೆ, ಹೆಬ್ಬೆಟ್ಟು ಒತ್ತಿಸಿಕೊಂಡೆ,
ಎಳೆದ ಗೆರೆಯ ಕೆಳಗೆ ಬರೆದೆ:
ಹೊಟ್ಟೆಯ ಉಣ್ಣೆ, ಬಾಬತ್ತು ಧುಳಾ ಕೊಕರೆ.

ಮತ್ತೆ ಭಾಗಿಸಿದರೆ ಲೆಕ್ಕ ಸರಿಹೋಗಲಿಲ್ಲ.
ಎಪ್ಪತ್ತಮೂರು ಸಾವಿರದ ಇಪ್ಪತ್ತಮೂರು,
ಎರಡು ರೂಪಾಯಿ ಶೇಷ.
ಆ ನೂರಾ ನಲವತ್ತು ತೆಗೆದುಬಿಡು, ಸಾಫ್ ಬರುತ್ತದೆ,
ಎಂದರು ಶೇಟ್.
ಹೂಂ ಎಂದೆ.
ಮಂಗಳವಾರದವರೆಗೂ ಅದು ಅಲ್ಲೇ ಇತ್ತು.