ಒಳಗೆ ಬಿಟ್ಟ ಬಟ್ಟೆ

ನಗರ್ತಪೇಟೆಯ ಅಂಗಡಿಯಲ್ಲಿ
ನನ್ನದೇ ಜುಬ್ಬಕ್ಕೆ ಅಳತೆ ತೆಗೆವಾಗ
ಕತ್ತಿನ ಪಕ್ಕ ಟೇಪು ಎಡವಿತು:
ಹುಣಸೆಬೀಜದಷ್ಟು ಗಂಟು. ನೋವಿಲ್ಲ.

"ಲಿಂಫೋಮಾ. ನೂರಕ್ಕೆ ಇಷ್ಟು ಮಂದಿ
ಐದು ವರ್ಷ ದಾಟ್ತಾರೆ" ಅಂದರು ಡಾಕ್ಟರು.
ನಲವತ್ತು ವರ್ಷ ಕತ್ತರಿ ಹಿಡಿದವನು,
ನೂರು ಮಂದಿಗೆ ಒಂದೇ ಅಳತೆಯ ಅಂಗಿ
ನಾನಂತೂ ಹೊಲಿದಿಲ್ಲ.

ಆರು ಡೋಸು. ಮೀಸೆ ಹೋಯಿತು; ಬಂತು,
ಬೇರೆ ಯಾರದೋ ಅನ್ನುವಷ್ಟು ಮೆತ್ತಗೆ.
ಈಗ ವರ್ಷಕ್ಕೊಂದು ಸ್ಕ್ಯಾನು.
ಅದರ ಹಿಂದಿನ ವಾರ
ಕೈ ತಾನಾಗಿ ಕತ್ತಿಗೆ ಹೋಗುತ್ತದೆ,
ದಾರ ಸೂಜಿಗೆ ಹೋಗುವುದಿಲ್ಲ.

ಜೂನ್. ಮೊಮ್ಮಗಳು ಚಾರ್ವಿಯ ಯೂನಿಫಾರ್ಮು.
ಲಂಗದಂಚಿಗೆ ನಾಲ್ಕಿಂಚು ಒಳಗೆ ಬಿಟ್ಟೆ.
"ಇಷ್ಟ್ಯಾಕೆ ತಾತ?"
"ಬೆಳೀತೀಯಲ್ಲ, ವರ್ಷವರ್ಷ ಬಿಚ್ಚಬೇಕು."

ಯಾರು ಬಿಚ್ಚಬೇಕು ಅಂತ ಹೇಳದೆ
ಹಲ್ಲಲ್ಲಿ ದಾರ ಕಡಿದೆ.